ಹದಿನೇಳನೇ ಬಯಲಿನ ಗೂಟ

ನಮ್ಮೂರಿನಲ್ಲಿ ಹೆಣ್ಣು ನೋಡುವುದಕ್ಕೆ ಮನೆಗೆ ಹೋಗುವುದಿಲ್ಲ, ಕೆರೆಗೆ ಹೋಗುತ್ತಾರೆ. ಉಪ್ಪಿಟ್ಟು, ಕೇಸರಿಬಾತು, ತಲೆ ತಗ್ಗಿಸಿಕೊಂಡು ಕಾಫಿ ತರುವ ಹುಡುಗಿ, ಹಾಡು ಬರುತ್ತದೆಯೇ ಎಂಬ ಪ್ರಶ್ನೆ, ಇದ್ಯಾವುದೂ ಇಲ್ಲಿಲ್ಲ. ಎರಡೂ ಮನೆಯವರು ಕಾಡಿನೊಳಗಿನ ಯಾವುದಾದರೊಂದು ಕೆರೆಯ ದಂಡೆಗೆ ಹೋಗಿ, ಎದುರುಬದುರು ಡೇರೆ ಹಾಕಿಕೊಂಡು ಎರಡು ದಿನ ಇರಬೇಕು. ಹುಡುಗಿ ತನ್ನ ಡೇರೆಯ ಮುಂದಿನ ಗೂಟವನ್ನು ತಾನೇ ಹೊಡೆಯಬೇಕು, ಹುಡುಗ ತನ್ನದನ್ನು. ಹೊರಡುವ ದಿನ ಬೆಳಿಗ್ಗೆ ಹುಡುಗಿಯ ಗೂಟವನ್ನು ಹುಡುಗ ಎಳೆಯುತ್ತಾನೆ, ಹುಡುಗನದನ್ನು ಹುಡುಗಿ. ಇಲ್ಲಿಯ ಕೆರೆದಂಡೆಯ ನೆಲದ ಗುಣವೇ ಹಾಗೆ. ಗೂಟ ಹೊಡೆದವರಿಗೆ ಅಲ್ಲಿಂದ ಹೋಗುವ ಮನಸ್ಸಿಲ್ಲದಿದ್ದರೆ ಆನೆ ಕಟ್ಟಿ ಎಳೆದರೂ ಗೂಟ ಬರುವುದಿಲ್ಲ. ಮನಸ್ಸಿದ್ದರೆ ಎರಡು ಬೆರಳು ಸಾಕು. ಗೂಟ ನಿಂತರೆ ಮದುವೆ, ಬಂದರೆ ಕೈಮುಗಿದು ಮನೆಗೆ. ಅದೇ ಜೋಡಿಗೆ ಎರಡನೆಯ ಅವಕಾಶ ಕೊಡುವ ಪದ್ಧತಿ ಇಲ್ಲ.

ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಕೆರೆಗೆ ಹೋದಾಗ ಮಕ್ಕಳ ಕೈಗೆ ಗೂಟ ಹೊಡೆಯುವ ಕೊಡತಿ ಕೊಡಬಾರದೆಂದು ನಮ್ಮೂರ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಟ್ಟರೆ ರಜೆ ಮುಗಿದು ಶಾಲೆ ಶುರುವಾದರೂ ಡೇರೆ ಏಳುವುದಿಲ್ಲ. ಗೂಟಗಳನ್ನೆಲ್ಲ ಅತ್ತೆಯ ಕೈಯಲ್ಲೇ ಹೊಡೆಸುವ ಜಾಣ ಸೊಸೆಯರಿದ್ದಾರೆ. ಮನೆಯಲ್ಲಿಟ್ಟು ಬಂದ ಹಾಲು ಒಡೆಯಿತೇನೋ ಎಂಬ ಚಿಂತೆ ಅತ್ತೆಗೆ ಹತ್ತಿದ ಕೂಡಲೇ ಗೂಟಗಳು ತಾವಾಗಿಯೇ ಸಡಿಲವಾಗುತ್ತವೆ. ಐದನೇ ಬಯಲಿಗೆ ಒಂದು ವಾರಕ್ಕೆಂದು ಹೋದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ನಾಲ್ಕು ವರ್ಷದಿಂದ ಅಲ್ಲೇ ಇದ್ದಾರೆ. ಪುರಸಭೆಯವರು ಮೊದಲು ನೋಟಿಸ್ ಕೊಟ್ಟರು, ಆಮೇಲೆ ಆರು ಜನ ಸೇರಿ ಗೂಟ ಎಳೆದು ನೋಡಿದರು, ಕೊನೆಗೆ ಡೇರೆಗೊಂದು ಮನೆ ನಂಬರ್ ಕೊಟ್ಟು ಸುಮ್ಮನಾದರು.

ನಾನು ಧರಣೇಂದ್ರ, ಕೆರೆ ಕಚೇರಿಯ ಗುಮಾಸ್ತ. ನಮ್ಮ ಕಾಡಿನಲ್ಲಿ ಇಪ್ಪತ್ತೆರಡು ಕೆರೆ, ಡೇರೆ ಹಾಕಲು ಇಪ್ಪತ್ತೆರಡು ಬಯಲು. ಯಾರಿಗೆ ಯಾವ ಬಯಲು ಹೊಂದುತ್ತದೆಂದು ಹೇಳುವುದು ನನ್ನ ಕೆಲಸ. ಹಾಗಂತ ನನ್ನ ನೇಮಕದ ಕಾಗದದಲ್ಲಿ ಎಲ್ಲೂ ಬರೆದಿಲ್ಲ; ಅದರಲ್ಲಿರುವುದು ಚೀಟಿ ಹರಿದು ಕೊಡುವ ಕೆಲಸ ಮಾತ್ರ. ಸಲಹೆಯ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಬಯಲು ಆರಿಸುವುದು ಹೇಗೆಂದು ನಲವತ್ತು ಪುಟದ ಪುಸ್ತಕವನ್ನೂ ಬರೆದೆ. ಬೆಳಗಿನ ಬಿಸಿಲು ಯಾವ ದಂಡೆಗೆ ಮೊದಲು ಬೀಳುತ್ತದೆ, ಎಲ್ಲಿ ಗಾಳಿ ಸಂಜೆ ತಿರುಗಿ ಒಲೆಯ ಹೊಗೆಯನ್ನು ಡೇರೆಯೊಳಗೆ ನುಗ್ಗಿಸುತ್ತದೆ, ಎಲ್ಲಿ ಕೋತಿ ಕಾಟ, ಎಲ್ಲಿಯ ಪಾಯಖಾನೆಗೆ ಚಿಲಕವಿದೆ, ಎಲ್ಲವೂ ಅದರಲ್ಲಿದೆ. ಊರಿನ ಕನಿಷ್ಠ ಮೂವತ್ತು ಮದುವೆಗಳು ನನ್ನಿಂದ ಆದವು ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ಆ ಮೂವತ್ತರಲ್ಲೂ ಕೊನೇ ಪಂಕ್ತಿಯಲ್ಲಿ ಕೂತು ಉಂಡು ಬಂದಿದ್ದೇನೆ. ನನಗೀಗ ಮೂವತ್ತೊಂಬತ್ತು. ಮದುವೆಯಿಲ್ಲ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಮೊದಲ ಸಲ ನನಗೆ ಇಪ್ಪತ್ತೇಳು. ಮೊದಲನೇ ಬಯಲನ್ನೇ ಆರಿಸಿದೆ. ತಾವರೆ, ತಿಳಿನೀರು, ಬೆಳಿಗ್ಗೆ ಬಂದು ಡೇರೆಯ ಮುಂದೆ ನಿಲ್ಲುವ ಜಿಂಕೆ, ಏನುಂಟು ಏನಿಲ್ಲ! ಹುಡುಗಿಯ ಗೂಟ ನಿಂತೇ ನಿಲ್ಲುತ್ತದೆಂಬ ಧೈರ್ಯದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಪಂಚೆ ಎತ್ತಿ ಕಟ್ಟಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದೆ. ಅದು ಬಾಳೆಹಣ್ಣಿಗೆ ಚುಚ್ಚಿದ ಊದುಕಡ್ಡಿ ಕಿತ್ತ ಹಾಗೆ ಬಂತು. ನಾನು ಅಂಗಾತ ಹೋಗಿ ತಾವರೆಯ ನಡುವೆ ಬಿದ್ದೆ. "ಮೊದಲನೇ ಬಯಲಲ್ಲೂ ನಿಲ್ಲಲಿಲ್ಲವಂತೆ!" ಎಂದು ಊರವರು ಒಂದು ವರ್ಷ ಆಡಿಕೊಂಡರು. ಎರಡನೆಯ ಸಲ ಮಧ್ಯಮದ ಬಯಲು ನೋಡಿದೆ. ಆ ಹುಡುಗಿಯ ಗೂಟ ನಾನು ಎಳೆಯುವ ತನಕವೂ ಕಾಯಲಿಲ್ಲ, ಮೊದಲ ದಿನ ಮಧ್ಯಾಹ್ನವೇ ಒಂದು ಕಡೆ ವಾಲಿಕೊಂಡಿತು. ಮೂರನೆಯ ಸಲ ಮತ್ತೆ ಚೆಂದದ ಬಯಲಿಗೇ ಹೋದೆವು, ಗೂಟ ನಿಂತೂ ಬಿಟ್ಟಿತು! ನಾನು ಪೇಡಾ ಹಂಚುತ್ತಿದ್ದೆ. ಹುಡುಗಿ ನಯವಾಗಿ, "ನಂಗೆ ಈ ಕೆರೆ ತುಂಬಾ ಹಿಡಿಸಿತು. ನೀವೆಲ್ಲ ಹೊರಟರೆ ನಾನು ಇನ್ನೊಂದು ವಾರ ಆರಾಮಾಗಿ ಇರ್ತೀನಿ" ಎಂದಳು. ಪೇಡಾ ತಿಂದವರು ಬಾಯಿ ಒರೆಸಿಕೊಂಡು ಬೇರೆ ಕಡೆ ನೋಡಿದರು.

ಇದು ಸಾಲದೆಂಬಂತೆ, ಆ ಮೂರು ಸಲವೂ ನನ್ನ ಗೂಟ ಮಾತ್ರ ಅಲ್ಲಾಡಲಿಲ್ಲ. ಗಂಡಿನ ಗೂಟ ಬಂದದ್ದನ್ನು ನಮ್ಮೂರಿನಲ್ಲಿ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ತಾನಾಗಿ ಹುಡುಕಿಕೊಂಡು ಹೋದವನು ಬಿಟ್ಟು ಬರುವ ಆಸೆ ಯಾಕೆ ಇಟ್ಟುಕೊಂಡಾನು? ಹೀಗಾಗಿ ಹುಡುಗಿ ಒಲ್ಲೆನೆಂದ ಮೇಲೂ, ಮನಸ್ಸು ಮುರಿದು ಗೂಟ ಸಡಿಲವಾಗುವ ತನಕ, ನಾನು ಅಲ್ಲೇ ಕೂತಿರಬೇಕು. ಮೊದಲ ಸಲ ನಾಲ್ಕು ದಿನ ಬೇಕಾಯಿತು. ನಾಲ್ಕೂ ದಿನ ಬರೀ ಅವಲಕ್ಕಿ.

ಮೂರನೆಯದಾದ ಮೇಲೆ ಸಾಕಪ್ಪಾ ಎಂದು ಕೈಬಿಟ್ಟಿದ್ದೆ. ಆಗ ಪೇಟೆ ಬೀದಿಯ ಕೊನೆಯ ಹಿಟ್ಟಿನ ಗಿರಣಿಗೆ ಪ್ರಭಾವತಿ ಬಂದು ಕೂತರು. ಗಿರಣಿ ಅವರ ತಂದೆಯದು. ತಂದೆ ತೀರಿಕೊಂಡ ಮೇಲೆ ಮಾರುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರೆ, ಇವರು ಸೆರಗು ಸಿಕ್ಕಿಸಿಕೊಂಡು ತಾವೇ ಮೋಟಾರು ಹಾಕಿದರು. ವಯಸ್ಸು ಮೂವತ್ತೈದು, ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ನಾನು ಮೊದಲ ದಿನ ರಾಗಿ ತೆಗೆದುಕೊಂಡು ಹೋದಾಗ ಕೈ ಹಾಕಿ ನೋಡಿ, "ಏನ್ರೀ ಇದು, ಒದ್ದೆ ರಾಗಿ ತಂದು ನನ್ನ ಕಲ್ಲು ಹಾಳು ಮಾಡಬೇಕು ಅಂತ ಬಂದಿದೀರಾ? ಹೋಗಿ, ಬಿಸಿಲಲ್ಲಿ ಹಾಕ್ಕೊಂಡು ಬನ್ನಿ" ಎಂದು ಎಲ್ಲರೆದುರು ಬೈದರು. ಅಷ್ಟೇ, ನಾನು ಬಿದ್ದುಹೋದೆ. ಅಂದಿನಿಂದ ವಾರಕ್ಕೆರಡು ಸಲ ಗಿರಣಿಗೆ ಹೋಗಲು ಶುರುಮಾಡಿದೆ. ರಾಗಿ ಮುಗಿದರೆ ಗೋಧಿ, ಗೋಧಿ ಮುಗಿದರೆ ಜೋಳ. ಎಲ್ಲವೂ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿದ್ದು.

ಮನೆಯಲ್ಲಿರುವುದು ನಾನು ಮತ್ತು ನನ್ನ ಅಕ್ಕ ಸುನಂದಾ, ಇಬ್ಬರೇ. ಒಂದು ದಿನ ಅಕ್ಕ ಅಡುಗೆಮನೆಯ ಡಬ್ಬಗಳನ್ನೆಲ್ಲ ನಡುಮನೆಗೆ ತಂದು ಸಾಲಾಗಿ ಇಟ್ಟಳು. "ಇಬ್ಬರಿಗೆ ಹನ್ನೆರಡು ಡಬ್ಬ ಹಿಟ್ಟು! ಹುಳ ಬೀಳ್ತಿದೆ ಕಣೋ ಧರಣಿ. ಆ ಹುಡುಗೀನ ಕೇಳ್ತೀಯೋ, ಇಲ್ಲ ಈ ಹುಳಾನ ಸಾಕ್ಕೊಂಡಿರ್ತೀಯೋ?" ಎಂದಳು. ನಾನು ಡಬ್ಬಗಳ ಮುಚ್ಚಳ ಬಿಗಿ ಮಾಡತೊಡಗಿದೆ. ಅಕ್ಕ ಸೀರೆ ಬದಲಿಸಿ ಗಿರಣಿಯವರ ಮನೆಗೆ ಹೋಗಿ, ಪ್ರಭಾವತಿಯವರ ತಾಯಿ ಪದ್ಮಾವತಮ್ಮನವರ ಹತ್ತಿರ ಮಾತಾಡಿ, ಶನಿವಾರ ಡೇರೆ ಹಾಕುವುದೆಂದು ಗೊತ್ತುಮಾಡಿಕೊಂಡೇ ಬಂದಳು. ಬಯಲು ಆರಿಸುವುದು ಗಂಡಿನ ಕಡೆಯ ಹಕ್ಕು. "ನೀನು ಪುಸ್ತಕ ಬರೆದೋನಲ್ವಾ? ಒಳ್ಳೇದು ನೋಡು" ಎಂದಳು.

ಎಂಟನೇ ಬಯಲು ಎಲ್ಲ ರೀತಿಯಿಂದಲೂ ಸರಿಯಾಗಿತ್ತು. ನೆರಳು, ನಲ್ಲಿ, ಚಿಲಕವಿರುವ ಪಾಯಖಾನೆ. ಬೇರೆ ಯಾರಾದರೂ ಬಂದು ಕೇಳಿದ್ದರೆ ಕಣ್ಣು ಮುಚ್ಚಿ ಎಂಟು ಎನ್ನುತ್ತಿದ್ದೆ. ನನಗೋಸ್ಕರ ಆರಿಸಲು ಕೂತಾಗ ಮಾತ್ರ ನನ್ನ ಬುದ್ಧಿ ಎಲ್ಲೆಲ್ಲಿಗೋ ಓಡಿತು. ಮೂರು ರಾತ್ರಿ ನಿದ್ದೆಗೆಟ್ಟು ಯೋಚಿಸಿ, ನಾಲ್ಕನೆಯ ದಿನ ಅಕ್ಕನಿಗೆ ಹೇಳಿದೆ: "ಹದಿನೇಳು."

ಹದಿನೇಳನೇ ಬಯಲಿನ ಬಗ್ಗೆ ನನ್ನ ಪುಸ್ತಕದಲ್ಲಿ ಇರುವುದು ಎರಡೇ ವಾಕ್ಯ: "ಈ ಬಯಲಿನ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಹೋಗಬೇಡಿ."

"ತಲೆ ನೆಟ್ಟಗಿದೆಯೇನೋ?" ಎಂದಳು ಅಕ್ಕ.

"ಕೇಳಕ್ಕಾ. ಒಳ್ಳೇ ಬಯಲಲ್ಲಿ ಗೂಟ ನಿಂತರೆ ಕೆರೆ ಚೆನ್ನಾಗಿತ್ತು ಅಂತಾರೆ. ಬಂದರೆ ಅಂಥಾ ಕಡೆನೂ ಬಂತಲ್ಲ ಅಂತ ನನ್ನ ಮುಖಕ್ಕೆ ಉಗೀತಾರೆ. ಹದಿನೇಳರಲ್ಲಿ ನಿಂತರೆ ಅದು ನನ್ನಿಂದಲೇ ನಿಂತಿದ್ದು, ಅನುಮಾನವೇ ಇಲ್ಲ. ಬಂದರೆ, ಜಾಗ ಸರಿ ಇರಲಿಲ್ಲ ಅಂದರಾಯ್ತು."

"ಅಂದ್ರೆ ಬರುತ್ತೆ ಅಂತ ಈಗಲೇ ತೀರ್ಮಾನ ಮಾಡ್ಕೊಂಡು, ಆಮೇಲೆ ಹೇಳೋ ಮಾತನ್ನೂ ಸಿದ್ಧ ಮಾಡಿಟ್ಕೊಂಡಿದೀಯ."

"ಹಾಗಲ್ಲಕ್ಕಾ, ಇದು ಶುದ್ಧ ಪರೀಕ್ಷೆ," ಎಂದೆ ಗಂಭೀರವಾಗಿ. ಹೇಡಿತನಕ್ಕೆ ಇಷ್ಟು ಒಳ್ಳೆಯ ಹೆಸರು ಇನ್ಯಾರೂ ಇಟ್ಟಿರಲಾರರು.

ಶನಿವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ನಾಲ್ಕೂ ಜನ ಹೋಗಿ ಇಳಿದೆವು. ನಾನು ಆ ಬಯಲಿಗೆ ಹೋಗಿ ಎಂಟು ವರ್ಷವಾಗಿತ್ತು. ಎಂಟು ವರ್ಷದಲ್ಲಿ ಅದು ಇನ್ನಷ್ಟು ಕೆಟ್ಟಿತ್ತು. ಮರಗಳು ಒತ್ತಾಗಿ ಬೆಳೆದು ಬಿಸಿಲೇ ಕೆಳಗಿಳಿಯುತ್ತಿರಲಿಲ್ಲ. ಕೆರೆಯ ನೀರು ಹಳೇ ಚಹಾದ ಬಣ್ಣ. ನೀರುನಾಯಿಗಳು ದಂಡೆಯುದ್ದಕ್ಕೂ ಮೀನು ತಿಂದು ಗಲೀಜು ಮಾಡಿ, ಗಾಳಿಯೆಲ್ಲ ಮೀನಿನ ನಾತ. ನಾವೂ ಅವರೂ ಜೈನರು, ಈರುಳ್ಳಿ ಕೂಡ ಮನೆಯೊಳಗೆ ತರುವವರಲ್ಲ. ಪದ್ಮಾವತಮ್ಮ ವ್ಯಾನಿನಿಂದ ಒಂದು ಕಾಲು ಕೆಳಗಿಟ್ಟು, ಮೂಗಿಗೆ ಸೆರಗು ಹಿಡಿದು, "ಇದೇನಾ?" ಎಂದರು. "ಇದೇ ಅಮ್ಮಾ," ಎಂದೆ. ಅವರು ಇನ್ನೊಂದು ಕಾಲನ್ನು ಕೆಳಗಿಡುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

ಪ್ರಭಾವತಿ ಸುತ್ತ ಒಮ್ಮೆ ನೋಡಿ, ಕೊಡತಿ ಇಸಿದುಕೊಂಡು ನಾಲ್ಕೇ ಏಟಿಗೆ ತಮ್ಮ ಗೂಟ ಇಳಿಸಿದರು. ನಾನು ನನ್ನದಕ್ಕೆ ಹನ್ನೊಂದು ಏಟು ಹಾಕಿದೆ, ಅದರಲ್ಲಿ ಎರಡು ನನ್ನ ಹೆಬ್ಬೆರಳಿಗೆ.

ಮಧ್ಯಾಹ್ನದ ಹೊತ್ತಿಗೆ ಜಿಗಣೆ ಶುರುವಾಯಿತು. ಇದಕ್ಕೆಂದೇ ನಾನು ಒಂದು ಪೊಟ್ಟಣ ಉಪ್ಪು ತಂದಿದ್ದೆ. ಪದ್ಮಾವತಮ್ಮನವರ ಪಾದದ ಮೇಲೆ ಒಂದು ಹತ್ತಿದ್ದು ಕಂಡು, ನನ್ನ ಮುಂದಾಲೋಚನೆ ಎಲ್ಲರಿಗೂ ಕಾಣಲೆಂದು ದೊಡ್ಡದಾಗಿ ಪೊಟ್ಟಣ ಬಿಚ್ಚಿದೆ.

"ಅಯ್ಯಯ್ಯೋ, ಉಪ್ಪು ಹಾಕ್ತೀಯೇನಪ್ಪಾ? ಸಾಯುತ್ತಲ್ಲ ಅದು! ನೀವೂ ನಮ್ಮೋರೇ ತಾನೇ?"

"ನಮ್ಮೋರೇ ಅಮ್ಮಾ, ಇದು... ಇದು ಮಜ್ಜಿಗೆಗೆ ತಂದದ್ದು," ಎಂದು ಪೊಟ್ಟಣ ಮುಚ್ಚಿದೆ. ಆಮೇಲೆ ಎರಡೂ ದಿನ ಜಿಗಣೆಗಳು ನಮ್ಮನ್ನು ಹೊಟ್ಟೆ ತುಂಬ ಕುಡಿದು ತಾವಾಗಿ ಉದುರುವ ತನಕ ನಾವು ಕಾಯುತ್ತ ಕೂತಿದ್ದೆವು. ನನ್ನ ಕತ್ತಿನ ಹಿಂದೆ ಹತ್ತಿದ್ದೊಂದನ್ನು ಮಾತ್ರ ಪ್ರಭಾವತಿ ಎಲೆಯೊಂದರ ಅಂಚಿನಿಂದ ಮೆಲ್ಲಗೆ ಬಿಡಿಸಿ, ಎಲೆಯ ಸಮೇತ ಹುಲ್ಲಿನಲ್ಲಿ ಬಿಟ್ಟರು. ಅವರ ಬೆರಳು ಕತ್ತಿಗೆ ತಾಗಿತು. ನಾನು ಸಂತೋಷಪಡುವ ಬದಲು, ಕತ್ತು ಬೆವರಿದೆಯಲ್ಲಾ ಎಂದು ಒದ್ದಾಡಿದೆ.

ಭಾನುವಾರ ಬೆಳಿಗ್ಗೆ ಕೋತಿಗಳು ಬಂದು ಅಕ್ಕ ಕಲಸಿಟ್ಟಿದ್ದ ಚಪಾತಿ ಹಿಟ್ಟನ್ನು ಪಾತ್ರೆಯ ಸಮೇತ ಹೊತ್ತೊಯ್ದವು. ಪಾಯಖಾನೆಗೆ ಚಿಲಕವಿರಲಿಲ್ಲ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಂತು ಕೆಮ್ಮುತ್ತಿರಬೇಕು. ಪದ್ಮಾವತಮ್ಮನವರಿಗಾಗಿ ಅಕ್ಕ ಕೆಮ್ಮಿ ಕೆಮ್ಮಿ ಅವಳಿಗೆ ನಿಜವಾದ ಕೆಮ್ಮೇ ಹತ್ತಿತು. ಪ್ರಭಾವತಿ ಗಿರಣಿಯ ಸಾಮಾನಿನ ಚೀಲದಿಂದ ತಂತಿ ತೆಗೆದು, ಒಂದು ಕೊಕ್ಕೆ ಬಾಗಿಸಿ ಬಾಗಿಲಿಗೆ ಸಿಕ್ಕಿಸಿದರು. ಹತ್ತು ನಿಮಿಷದ ಕೆಲಸ. ಎಂಟು ವರ್ಷದಿಂದ ಅದಕ್ಕೊಂದು ಚಿಲಕ ಬೇಕೆಂದು ಮೇಲಿನವರಿಗೆ ಬರೆಯುತ್ತಿದ್ದವನು ನಾನು.

ಆಮೇಲೆ ಕೈ ತೊಳೆಯಲು ದಂಡೆಗೆ ಬಂದವರು ನನ್ನ ಪಕ್ಕದ ಬೇರಿನ ಮೇಲೆ ಕೂತರು. "ಒಂದು ಕೇಳ್ಲಾ?" ಎಂದರು. "ನಿಮ್ಮ ಪುಸ್ತಕ ನಾನೂ ಓದಿದೀನಿ. ಈ ಬಯಲಿಗೆ ಹೋಗಬೇಡಿ ಅಂತ ನೀವೇ ಬರೆದಿದೀರಿ. ಮತ್ತೆ ನಮ್ಮನ್ನ ಯಾಕೆ ಕರ್ಕೊಂಡು ಬಂದ್ರಿ?"

ನಿಜ ಹೇಳಬೇಕಾದ ಹೊತ್ತೊಂದಿದ್ದರೆ ಅದೇ. "ಇಲ್ಲಿ... ಇಲ್ಲಿ ತುಂಬಾ ನಿಶ್ಶಬ್ದ," ಎಂದೆ. ಅನ್ನುವುದಕ್ಕೂ ಕೆರೆಯ ಕಪ್ಪೆಗಳೆಲ್ಲ ಒಟ್ಟಿಗೆ ವಟಗುಟ್ಟಲು ಶುರುಮಾಡುವುದಕ್ಕೂ ಸರಿಹೋಯಿತು. ಪ್ರಭಾವತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನನ್ನನ್ನೇ ನೋಡಿ ನಗುತ್ತಿದ್ದಾರೆ, ಇನ್ನು ಎಲ್ಲ ಮುಗಿದ ಹಾಗೆಯೇ ಎಂದುಕೊಂಡು, ಒಲೆ ನೋಡಬೇಕೆಂದು ಸುಳ್ಳು ಹೇಳಿ ಎದ್ದು ಬಂದೆ. ಅಲ್ಲಿಂದ ಮುಂದೆ ನನಗೆ ಬೇಕಾಗಿದ್ದುದು ಒಂದೇ, ಇದೊಮ್ಮೆ ಮುಗಿಯಬೇಕು. ಊಟಕ್ಕೆ ಕೂತಾಗಲೂ ನಾಳೆ ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತೇನೆ, ಕದ ಹಾಕಿಕೊಂಡು ಮಲಗುತ್ತೇನೆ, ಕಚೇರಿಯಲ್ಲಿ ಕೇಳಿದರೆ ಹೀಗೆ ಹೇಳುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದೆ.

ಸೋಮವಾರ ಬೆಳಿಗ್ಗೆ ಸಾಮಾನು ಕಟ್ಟಿದ್ದಾಯಿತು. ಹಿರಿಯರು ಹೊಡೆದ ಗೂಟಗಳು ಆಗಲೇ ಸಡಿಲಾಗಿ ಬಿದ್ದಿದ್ದವು. ಪದ್ಮಾವತಮ್ಮನವರದು ಶನಿವಾರವೇ ಬಿದ್ದಿತ್ತು. ಉಳಿದವು ಮುಂದಿನ ಎರಡು. ಮೊದಲು ಹುಡುಗಿಯ ಗೂಟ. ಹಿಂದಿನ ಅನುಭವ ಇದ್ದುದರಿಂದ ನಾನು ಅಂಗಾತ ಬೀಳಬಾರದೆಂದು ಕಾಲು ಅಗಲಿಸಿ ನಿಂತು, ಎರಡೇ ಬೆರಳಲ್ಲಿ ಹಿಡಿದು ಎಳೆದೆ. ಬರಲಿಲ್ಲ. ಬೆರಳು ಜಾರಿತೇನೋ ಎಂದು ಮುಷ್ಟಿಯಲ್ಲಿ ಹಿಡಿದೆ. ಬರಲಿಲ್ಲ. ಎರಡೂ ಕೈ ಹಾಕಿದೆ, ಮಂಡಿ ಊರಿದೆ, ಬೆನ್ನು ಬಾಗಿಸಿದೆ.

"ನೆಟ್ಟಗೆ ಎಳಿಯೋ!" ಎಂದಳು ಅಕ್ಕ.

"ಎಳೀತಾನೇ ಇದೀನಕ್ಕಾ! ಬರ್ತಾ ಇಲ್ಲ!"

ಆ ಮಾತು ನನ್ನ ಬಾಯಿಂದ ಬಂದ ಮೇಲೆ ನನಗೇ ಅದರ ಅರ್ಥ ಆಯಿತು. ಈ ನಾತದಲ್ಲಿ, ಈ ಜಿಗಣೆಗಳ ನಡುವೆ, ಹೋಗಬೇಡಿ ಎಂದು ನಾನೇ ಬರೆದ ಜಾಗದಲ್ಲಿ ಒಬ್ಬರ ಗೂಟ ನಿಂತಿತ್ತು! ಪ್ರಭಾವತಿ ನೆಲ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು. ಪದ್ಮಾವತಮ್ಮ ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ನನ್ನಲ್ಲಿ ಏನು ಕಂಡಳೋ ಎನ್ನುವ ಹಾಗೆ ತಲೆಯಾಡಿಸಿ ಕಣ್ಣೊರೆಸಿಕೊಂಡರು. ಅಕ್ಕ ಸಕ್ಕರೆಯ ಡಬ್ಬ ಬಿಚ್ಚಿಯೇ ಬಿಟ್ಟಳು. ನನಗೋ, ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ. ನನ್ನ ಲೆಕ್ಕಾಚಾರ ಹೇಗೆ ಫಲಿಸಿತು ನೋಡಿ ಎಂದು ಭಾಷಣ ಶುರುಮಾಡುವವನಿದ್ದೆ.

"ಶಾಸ್ತ್ರ ಮುಗಿಸಮ್ಮಾ," ಎಂದಳು ಅಕ್ಕ ಪ್ರಭಾವತಿಗೆ. ಗಂಡಿನ ಗೂಟ ಎಳೆಯುವುದು ಬರೀ ಶಾಸ್ತ್ರಕ್ಕೆ. ಅದು ಬರುವುದಿಲ್ಲವೆಂದು ಗೊತ್ತಿದ್ದರೂ ಹುಡುಗಿ ಚೆನ್ನಾಗಿ ಬಲ ಹಾಕಿದ ಹಾಗೆ ತೋರಿಸಬೇಕು, ಅದು ಮರ್ಯಾದೆ. ಪ್ರಭಾವತಿ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ನನ್ನ ಗೂಟ ಹಿಡಿದು, ಚೀಲ ಎತ್ತುವ ಬಲದಿಂದ ಎಳೆದರು. ಗೂಟ ಕೈಗೆ ಬಂತು. ಅವರು ಹಿಂದಕ್ಕೆ ಹೋಗಿ ಕೆಸರಿನಲ್ಲಿ ಕೂತರು.

ಅಕ್ಕನ ಕೈಯಲ್ಲಿದ್ದ ಸಕ್ಕರೆ ಹಾಗೇ ಇತ್ತು. ಮೊದಲು ಬಾಯಿ ಬಿಟ್ಟವರು ಪದ್ಮಾವತಮ್ಮ. "ಇದೇನಪ್ಪಾ ಇದು? ನನ್ನ ಮಗಳು ನಿಂತಳು, ನೀನು ಕಿತ್ಕೊಂಡು ಹೊರಟಿದೀಯ? ಈ ಹೊಲಸಲ್ಲಿ ಎರಡು ದಿನ ಕೂರಿಸಿ ನಮಗೆ ಅವಮಾನ ಮಾಡೋಕೇ ಕರ್ಕೊಂಡು ಬಂದ್ಯಾ? ಏಳು ಪ್ರಭಾ, ಹೋಗೋಣ." ಅಕ್ಕ ನನ್ನ ಬೆನ್ನಿಗೆ ಒಂದು ಕೊಟ್ಟು, "ನಿನ್ನ ಮುಖಕ್ಕಿಷ್ಟು!" ಎಂದಳು. ಅವಳ ದನಿ ಒಡೆದಿತ್ತು.

ಪ್ರಭಾವತಿ ಏಳಲಿಲ್ಲ. ಕೆಸರಿನಲ್ಲೇ ಕೂತು, ಗೂಟವನ್ನು ತಿರುಗಿಸಿ ನೋಡಿ, ನನ್ನನ್ನು ಕೇಳಿದರು. "ನಿಮಗೆ ಹೋಗಬೇಕಾಗಿತ್ತಾ?"

ಸುಳ್ಳು ಹೇಳಲು ದಾರಿಯೇ ಇರಲಿಲ್ಲ, ಗೂಟ ಅವರ ಕೈಯಲ್ಲಿತ್ತು. "ಹೂಂ," ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. "ನಿನ್ನೆಯಿಂದ ಬರೀ ಅದೇ ಯೋಚನೆ. ನಿಮ್ಮ ಮೇಲೆ ಬೇಜಾರಾಗಿ ಅಲ್ಲ. ನಾಚಿಕೆಗೆ. ನೀವು ಒಪ್ಪೋದಿಲ್ಲ ಅಂತ ನಾನೇ ಮೊದಲೇ ತೀರ್ಮಾನ ಮಾಡಿದ್ದೆ. ಆಮೇಲೆ ಜಾಗದ ಮೇಲೆ ಹಾಕಬಹುದು ಅಂತ ಊರಲ್ಲೇ ಕೆಟ್ಟ ಬಯಲು ಹುಡುಕಿ ನಿಮ್ಮನ್ನ ಕರ್ಕೊಂಡು ಬಂದೆ. ಮೂರು ಸಲ ಆಗಿದೆ ನಂಗೆ. ನಾಲ್ಕನೇ ಸಲ ಎಲ್ಲರೆದುರು ನಿಲ್ಲೋ ಧೈರ್ಯ ಇರಲಿಲ್ಲ. ಮನಸ್ಸಲ್ಲೇ ಮನೆಗೆ ಓಡಿಹೋಗಿದ್ದೆ. ನಿಮ್ಮ ಗೂಟದ ಚಿಂತೆಯಲ್ಲಿ ನನ್ನದೂ ಒಂದಿದೆ ಅನ್ನೋದೇ ಮರೆತುಹೋಯ್ತು." ಇಷ್ಟು ವರ್ಷ ಹುಡುಗಿಯರು ನನ್ನನ್ನು ಬಿಟ್ಟು ಹೋದರೆಂದು ಗೋಳಾಡಿದವನು, ಒಬ್ಬರು ಉಳಿದಾಗ ನಾನೇ ಬಿಟ್ಟು ಓಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಪ್ರಭಾವತಿ ಎದ್ದು, ಸೀರೆ ಕೊಡವಿಕೊಂಡು, ಗೂಟವನ್ನು ನನ್ನತ್ತ ಚಾಚಿದರು. "ಮತ್ತೆ ಹೊಡೀರಿ."

"ಅದು ಪದ್ಧತಿ ಅಲ್ಲ ಪ್ರಭಾ!" ಎಂದರು ಅವರ ತಾಯಿ.

"ಗಂಡಿನ ಗೂಟ ಬರೋದೂ ಪದ್ಧತಿ ಅಲ್ಲ ಅಮ್ಮ, ಬಂತಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನೆ ಕಪ್ಪೆ ಕೂಗಿದಾಗ ನಿಮ್ಮ ಮುಖ ನೋಡಬೇಕಿತ್ತು. ಅಷ್ಟು ನಕ್ಕು ನಂಗೆ ಎಷ್ಟು ವರ್ಷ ಆಗಿತ್ತೋ. ನೀವು ಎದ್ದು ಓಡಿಹೋದ್ರಿ. ಹೊಡೀರಿ ಈಗ," ಎಂದರು.

ಕೊಡತಿ ತೆಗೆದುಕೊಂಡು ಹೊಡೆದೆ. ಅವರು ಬಾಗಿ ಗೂಟಕ್ಕೆ ಕೈ ಹಾಕಿದರು. ಪದ್ಮಾವತಮ್ಮನವರ ಕೋಪ, ಅಕ್ಕನ ಕಣ್ಣೀರು, ಈ ಕೆಸರು, ಇದೆಲ್ಲದರಿಂದ ಓಡಿಹೋಗಬೇಕೆಂಬ ಆಸೆ ಇನ್ನೂ ಕಾಲಿನಲ್ಲಿ ಇತ್ತು. ಈಗ ಎಳೆದರೆ ಖಂಡಿತ ಬರುತ್ತದೆ.

"ತಡೀರಿ, ತಡೀರಿ," ಎಂದೆ. "ಈಗ್ಲೇ ಬೇಡ. ಓಡಿಹೋಗೋ ಆಸೆ ಇನ್ನೂ ಪೂರ್ತಿ ಹೋಗಿಲ್ಲ."

ಅವರು ಕೈ ತೆಗೆದರು. ನಗುತ್ತಾರೇನೋ ಅಂದುಕೊಂಡೆ, ನಗಲಿಲ್ಲ. "ಸರಿ," ಎಂದು ಗೂಟದ ಪಕ್ಕದಲ್ಲೇ ಕೂತರು. "ನಂಗೇನೂ ಅವಸರ ಇಲ್ಲ. ಗಿರಣಿ ಬಾಗಿಲಿಗೆ ಚೀಟಿ ಅಂಟಿಸಿ ಬಂದಿದೀನಿ."

ನಾನು ಗೂಟದ ಈಚೆ ಕೂತೆ. ಹಿರಿಯರಿಬ್ಬರೂ ಕಟ್ಟಿದ ಗಂಟುಗಳ ಮೇಲೆ ಬೆನ್ನಿಗೆ ಬೆನ್ನು ತಿರುಗಿಸಿ ಕೂತರು. ಮೊದಲು ಪ್ರಭಾವತಿಯೇ ಕೇಳಿದರು, ಕಚೇರಿಗೆ ಹೋಗಿ ಏನು ಹೇಳಬೇಕೆಂದು ಇದ್ದಿರಿ ಎಂದು. ಜಾಗ ಸರಿಯಿರಲಿಲ್ಲ ಅನ್ನುತ್ತಿದ್ದೆ ಎಂದೆ. ನಿಮ್ಮ ಪುಸ್ತಕ ಓದಿದವರು ನಂಬುತ್ತಿದ್ದರು ಬಿಡಿ ಎಂದರು. ತಾವರೆಯ ನಡುವೆ ಬಿದ್ದದ್ದನ್ನು ಹೇಳಿದೆ, ನಾಲ್ಕು ದಿನದ ಅವಲಕ್ಕಿಯನ್ನು ಹೇಳಿದೆ. ತಂದೆ ತೀರಿಕೊಂಡ ವರ್ಷ ಬೆಲ್ಟು ಹರಿದು ಗಿರಣಿ ನಿಂತಾಗ, ಮೂಟೆಗಳ ಹಿಂದೆ ಕೂತು ಅತ್ತದ್ದನ್ನು ಅವರು ಹೇಳಿದರು. ಅಮ್ಮನಿಗೆ ಗೊತ್ತಿಲ್ಲ ಎಂದು ದನಿ ತಗ್ಗಿಸಿದರು. ಬಿಸಿಲು ಎಲೆಗಳ ನಡುವೆ ಎಲ್ಲಿಂದಲೋ ಒಂದು ಚೂರು ಕೆಳಗಿಳಿಯಿತು. ವಾರಕ್ಕೆರಡು ಸಲ ಅಷ್ಟೊಂದು ಹಿಟ್ಟು ಯಾರು ತಿನ್ನುತ್ತಿದ್ದರು ಎಂದು ಕೇಳಿದರು. ಹುಳ ತಿನ್ನುತ್ತಿತ್ತು ಎಂದೆ. ಮಾತು ಹಿಟ್ಟಿಗೆ ತಿರುಗಿದ್ದರಿಂದ, ಬಹಳ ದಿನದಿಂದ ಹೊಟ್ಟೆಯಲ್ಲಿದ್ದ ಒಂದು ದೂರೂ ಹೊರಗೆ ಬಂತು.

"ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದ ದೀಪಾವಳಿಗೆ ಚಕ್ಕುಲಿ ಹಿಟ್ಟು ಮಾಡಿಕೊಟ್ರಲ್ಲ, ಅದು ತರಿ ತರಿ ಇತ್ತು."

"ನನ್ನ ಹಿಟ್ಟು ತರೀನಾ?"

"ತರೀನೇ. ಚಕ್ಕುಲಿ ಒರಳಲ್ಲಿ ಒತ್ತಿ ಸುತ್ತೋವಾಗ ಮೂರು ಸುತ್ತು ಬರೋದ್ರೊಳಗೆ ಮುರೀತಿತ್ತು. ಅಕ್ಕ ನನ್ನನ್ನ ಬೈದಳು, ನೀರು ಸರಿಯಾಗಿ ಹಾಕಲಿಲ್ಲ ಅಂತ. ನೀರಲ್ಲ, ಹಿಟ್ಟೇ. ಉದ್ದು ಹುರಿದು ಕೊಟ್ಟಿದ್ದೆ, ಅಕ್ಕಿ ನೆರಳಲ್ಲಿ ಒಣಗಿಸಿದ್ದೆ, ಎಲ್ಲ ಸರಿಯಾಗಿತ್ತು. ನೀವು ಅವತ್ತು ಕಲ್ಲು ಬಿಗಿ ಮಾಡದೇ ಹಾಕಿದ್ರಿ, ನಾನು ನೋಡ್ತಾ ಇದ್ದೆ. ಯಾರೋ ಜೋಳ ತಂದಿದ್ರು ಮುಂಚೆ, ಅದಕ್ಕೆ ಸಡಿಲ ಮಾಡಿದ್ರಿ, ಆಮೇಲೆ..." ಎಂದು ಕೈ ತಿರುಗಿಸಿ ತೋರಿಸುತ್ತಾ ನಾನು ಬಿಸಿಯಾಗಿ ಹೇಳುತ್ತಲೇ ಹೋದೆ. ಹಾಗೆ ಹೇಳುವಾಗ ಕಣ್ಣು ಕೆಳಗೆ ಹೋಯಿತು. ಪ್ರಭಾವತಿಯ ಎರಡೂ ಕೈ ನನ್ನ ಗೂಟದ ಮೇಲಿದ್ದವು. ಬೆರಳ ಗಂಟುಗಳು ಬೆಳ್ಳಗಾಗಿದ್ದವು, ಹಿಮ್ಮಡಿ ಕೆಸರಿನಲ್ಲಿ ಹೂತಿತ್ತು, ಹಣೆಯ ಮೇಲೆ ಬೆವರು.

ಕೈ ತಿರುಗಿಸುವುದನ್ನು ಬಿಟ್ಟು ಕೇಳಿದೆ: "ಎಷ್ಟು ಹೊತ್ತಿನಿಂದ ಎಳೀತಾ ಇದೀರಿ?"

"ನನ್ನ ಹಿಟ್ಟು ತರಿ ಅಂದ್ರಲ್ಲ, ಆವಾಗಿಂದ," ಎಂದರು ಏದುಸಿರು ಬಿಡುತ್ತಾ. "ಕೋಪಕ್ಕೆ ಎಳೆದೆ. ಬರ್ತಾನೇ ಇಲ್ಲ ಕಣ್ರೀ."

ಗಂಟಿನ ಮೇಲಿದ್ದ ಪದ್ಮಾವತಮ್ಮ ಇತ್ತ ತಿರುಗಿದರು. ಅಕ್ಕ ಎದ್ದು ನಿಂತಳು. ನನಗೆ ಅಳು ಬಂತು, ತಡೆಯಲಾಗದ ಅಳು. ಪ್ರಭಾವತಿ ಗೂಟ ಬಿಡದೆಯೇ, "ಅಯ್ಯೋ, ಅಳ್ತಾ ಕೂರಬೇಡಿ. ಕಲ್ಲು ಸಡಿಲ ಇತ್ತು ಅಂದ್ರಲ್ಲ, ಪೂರ್ತಿ ಹೇಳಿ," ಎಂದರು. ನಾನು ಮೂಗು ಒರೆಸಿಕೊಂಡು ಅವರ ಹಿಟ್ಟು ಎಷ್ಟು ಕೆಟ್ಟದಾಗಿತ್ತೆಂದು ಮೊದಲಿನಿಂದ ಹೇಳಲು ಶುರುಮಾಡಿದೆ.